ಉಸಿರಿಗೆ ಬಿಟ್ಟ ಜಾಗ

ಸೋಮವಾರ ಬೆಳಿಗ್ಗೆ,
ಹೊಸ ಸೇತುವೆ ತೆರೆದ ಮರುದಿನ

ನನ್ನ ಮುದ್ದು ಪುಟ್ಟಿಗೆ,

ಚಿಕ್ಕಮ್ಮನ ಕಡೆಯಿಂದ ಮುತ್ತು ಹತ್ತು, ಬೈಗುಳ ಒಂದು. ಬೈಗುಳವನ್ನು ಮೊದಲು ಕೊಟ್ಟುಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಫೋನಿನಲ್ಲಿ ನಾನು "ಹೇಗಿದ್ದೀಯೇ" ಅಂದರೆ ನೀನು "ಚೆನ್ನಾಗಿದ್ದೀನಿ" ಅನ್ನುತ್ತೀಯ. ನೀನು "ಹೇಗಿದ್ದೀಯ" ಅಂದರೆ ನಾನೂ "ಚೆನ್ನಾಗಿದ್ದೀನಿ" ಅನ್ನುತ್ತೇನೆ. ಅಷ್ಟೊಂದು ಚೆನ್ನಾಗಿರುವ ಇಬ್ಬರು ಹೆಂಗಸರು ಆಮೇಲೆ ಅಷ್ಟು ಹೊತ್ತು ಮಾತಿಲ್ಲದೆ ಫೋನು ಹಿಡಿದುಕೊಂಡು ಯಾಕೆ ಕೂರಬೇಕು ಹೇಳು? ಅದಕ್ಕೇ ಈ ಸಲ ಕಾಗದ. ಕಾಗದದಲ್ಲಿ "ಚೆನ್ನಾಗಿದ್ದೇನೆ" ಎಂದು ಬರೆದು ನಿಲ್ಲಿಸಿದರೆ ಉಳಿದ ಹಾಳೆಯೆಲ್ಲ ಖಾಲಿ ಕಾಣುತ್ತದೆ. ಆ ನಾಚಿಕೆಗಾದರೂ ನಿಜ ಬರೆಯಬೇಕಾಗುತ್ತದೆ.

ನೀನು ಆಸ್ಪತ್ರೆಯ ಕೆಲಸಕ್ಕೆಂದು ಹೊರಟ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಅಂಗಡಿ ಮುಚ್ಚಿಬಿಡು ಚಿಕ್ಕಮ್ಮಾ. ಅಮ್ಮನ ಮೇಜು ನನ್ ಕೈಲಿ ನೋಡೋಕಾಗಲ್ಲ. ನಿನ್ ಕೈಲೂ ಆಗಲ್ಲ, ಸುಮ್ನೆ ಧೈರ್ಯ ತೋರಿಸ್ಬೇಡ" ಅಂದಿದ್ದೆ. ಸೇತುವೆಯ ಕೆಲಸ ಮುಗಿಯುವಷ್ಟರಲ್ಲಿ ಮುಚ್ಚುತ್ತೇನೆ ಎಂದು ನಾನು ಮಾತು ಕೊಟ್ಟೆ. ನಮ್ಮೂರ ಸೇತುವೆ ಈ ಜನ್ಮದಲ್ಲಿ ಮುಗಿಯುವುದಿಲ್ಲ ಎಂಬ ಧೈರ್ಯ ನನಗಿತ್ತು. ಮುಗಿದೇಬಿಟ್ಟಿತು. ನಿನ್ನೆ ತೆರೆಯಿತು. ಅಂಗಡಿಯೂ ತೆರೆದೇ ಇದೆ ಪುಟ್ಟಿ. ನಾನು ಮುಚ್ಚುವುದಿಲ್ಲ. ಯಾಕೆಂದು ಹೇಳುವುದಕ್ಕೆ ಇಷ್ಟು ಹಾಳೆ.

ಮೊದಲು, ಇಷ್ಟು ದಿನ ಹೇಳದೆ ಇದ್ದದ್ದು. "ಕೆಲಸ ಜೋರಾಗಿದೆ" ಎಂದು ಫೋನಿನಲ್ಲಿ ಕೊಚ್ಚಿಕೊಂಡದ್ದೆಲ್ಲ ಬರೀ ಗುಂಡಿ ಮತ್ತು ಜಿಪ್ಪಿನ ಕೆಲಸ. ಹೊಸ ಬಟ್ಟೆ ತಂದವರಿಗೆ "ನಾಳೆ ಬನ್ನಿ" ಅನ್ನುತ್ತಿದ್ದೆ. ನಾಳೆ ಬಂದವರಿಗೂ ಅದನ್ನೇ. ಹೊಲಿಯುವುದು ನನಗೆ ಗೊತ್ತು, ಕತ್ತರಿಸುವುದು ಯಾವತ್ತೂ ಅಕ್ಕನದು. ಅಂಗಡಿಯ ಬೋರ್ಡಿನಲ್ಲಿ ನಾನೇ ಬರೆಸಿದ್ದೆನಲ್ಲ: "ಅಳತೆ ಅಕ್ಕನದು, ಹೊಲಿಗೆ ತಂಗಿಯದು, ತಡವಾದರೆ ತಪ್ಪು ಇಬ್ಬರದು." ಮೇಜಿನ ಮೇಲೆ ಬಿಳಿ ಹೊದಿಕೆ ಹೊದಿಸಿಟ್ಟಿದ್ದೆ. ಅದರಡಿ ನಿನ್ನಮ್ಮ ಅರ್ಧ ಕತ್ತರಿಸಿದ ಲಂಗದ ಬಟ್ಟೆ, ಬಟ್ಟೆಯ ಬಾಯಲ್ಲಿ ಅವಳ ಕತ್ತರಿ, ಅವಳು ಬಿಟ್ಟ ಹಾಗೆಯೇ. ಮೆಷಿನ್ನಿನಿಂದ ಬಾಗಿಲಿಗೆ ಹೋಗುವಾಗ ಗೋಡೆ ಸವರಿಕೊಂಡು, ಆ ಕಡೆ ನೋಡದೆ ಹೋಗುತ್ತಿದ್ದೆ. ಗಿರಾಕಿಗಳು ನನಗೆ ಕತ್ತು ಉಳುಕಿದೆ ಎಂದುಕೊಂಡಿದ್ದರು.

ಆ ದಿನ ಹೇಗಾಯಿತೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಸಣ್ಣದಾಗಿ ಹೇಳುತ್ತೇನೆ. ಬೇಡವಾದರೆ ಈ ಪ್ಯಾರಾ ದಾಟಿಬಿಡು. ನಮ್ಮ ಅಂಗಡಿಯಲ್ಲಿ ಎರಡು ಸದ್ದು. ಅವಳ ಕತ್ತರಿಯದು ಕರ್ ಕರ್, ನನ್ನ ಮೆಷಿನ್ನಿನದು ಟರ್ ಟರ್. ಅಷ್ಟು ವರ್ಷ ಪ್ರಾಸ ಕೂಡಿದ ಎರಡು ಸಾಲಿನ ಹಾಗೆ ಒಟ್ಟಿಗೇ ಕೇಳಿದ ಸದ್ದುಗಳು. ಆ ಮಧ್ಯಾಹ್ನ "ಯಾಕೋ ಸೆಕೆ ಕಣೇ" ಅಂದಳು. "ಚಳಿಗಾಲದಲ್ಲಿ ಎಂಥ ಸೆಕೆ, ವಯಸ್ಸಾಯ್ತು ನಿಂಗೆ" ಎಂದು ರೇಗಿಸಿದೆ. "ಹೌದಮ್ಮಾ, ನಿಂಗೆ ಮಾತ್ರ ಹದಿನಾರು" ಅಂದಳು. ಆಮೇಲೆ ಕರ್ ಕರ್ ನಿಂತಿತು. ತಿರುಗಿ ನೋಡಿದರೆ ಮೇಜಿಗೆ ತಲೆಯಾನಿಸಿ ಕೂತಿದ್ದಳು, ಅಷ್ಟೇ. ನೋವಿನ ಮುಖವಲ್ಲ ಪುಟ್ಟಿ. ಬರುತ್ತೇನೆಂದ ಗಿರಾಕಿ ಬಾರದೆ ಕಾಯಿಸಿದಾಗ ಕೂರುತ್ತಿದ್ದಳಲ್ಲ, ಆ ಮುಖ.

ಅಂದಿನಿಂದ ನನಗೆ ಕತ್ತರಿಯ ಸದ್ದು ಆಗದು. ಸದ್ದಿಗಲ್ಲ ಹೆದರಿಕೆ. ಅದು ನಿಲ್ಲುತ್ತದಲ್ಲ, ಅದಕ್ಕೆ.

ಹೀಗಿರುವಾಗ ಬಂದರು ಡ್ರಿಲ್ ಟೀಚರಮ್ಮ. ಶಾಲೆಯಲ್ಲಿ ನಿನ್ನನ್ನು ಮೈದಾನದ ಸುತ್ತ ಓಡಿಸಿದವರು. ನಿವೃತ್ತಿಯಾದ ಮೇಲೆ ಊರಿನ ಬ್ಯಾಂಡನ್ನು ಓಡಿಸುತ್ತಿದ್ದಾರೆ. ಇವತ್ತಿಗೂ ಮಾತಾಡಿದರೆ ಸೀಟಿ ಊದಿದ ಹಾಗೆ. ಸೇತುವೆ ತೆರೆಯುವ ದಿನ ಬ್ಯಾಂಡಿನವರೆಲ್ಲ ಹೊಸ ಕೆಂಪು ಕೋಟು ತೊಟ್ಟು ಬಾರಿಸುತ್ತ ದಾಟಬೇಕಂತೆ, ಆ ಕೋಟುಗಳನ್ನು ನಾನೇ ಹೊಲಿಯಬೇಕಂತೆ. ಕತ್ತರಿಸುವವರಿಲ್ಲ ಎಂದೆ. "ಕತ್ತರಿಸೋರನ್ನ ನಾನು ತರ್ತೀನಿ. ಹೊಲಿಯೋಳು ನೀನಿದ್ದೀಯ. ಇನ್ನೇನೇನು ನೆಪ ಇದೆ, ಅದನ್ನೂ ಹೇಳ್ಬಿಡು" ಅಂದರು. ನಾನು ನೆಪ ಹುಡುಕುವಷ್ಟರಲ್ಲಿ ಹೋಗಿಯಾಗಿತ್ತು.

ಮರುದಿನ ಮಾಸ್ಟರ್ ಬಂದರು. ದೊಡ್ಡಬೀದಿಯಲ್ಲಿ ಗಂಡಸರ ಟೈಲರ್ ಅಂಗಡಿಯೊಂದು ಮುಚ್ಚಿಹೋಯಿತಲ್ಲ, ಅಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಸಣಕಲು ಮನುಷ್ಯ. ಕಿವಿಯ ಮೇಲೆ ಸೀಮೆಸುಣ್ಣ, ಕೊರಳಲ್ಲಿ ಟೇಪು, ಮುಖದಲ್ಲಿ ಸದಾ ಇನ್ನೊಬ್ಬರ ಹೊಲಿಗೆ ನೋಡಿದ ಭಾವ. ಹೊದಿಕೆ ಹೊದ್ದ ಮೇಜನ್ನು ಒಂದು ಸಲ ನೋಡಿದರು. ಎರಡು ಸ್ಟೂಲಿನ ಮೇಲೆ ಹಲಗೆಯಿಟ್ಟು, ತಮ್ಮದೇ ಕತ್ತರಿ ತೆಗೆದು ಕೆಲಸಕ್ಕೆ ಹತ್ತಿದರು.

ಕತ್ತರಿ ನಡೆಯಿತು, ನಡೆಯಿತು, ನಿಂತಿತು. ನಾನು ಮೆಷಿನ್ ಬಿಟ್ಟು ಓಡಿಹೋಗಿ ಅವರ ರಟ್ಟೆ ಹಿಡಿದುಕೊಂಡೆ. "ಏನಾಯ್ತು? ಏನಾಯ್ತು ಮಾಸ್ಟ್ರೇ?"

"ಸೀನು ಬರೋ ಹಾಗಿತ್ತಮ್ಮಾ" ಅಂದರು. "ನೀವು ಬಂದಿದ್ದು ನೋಡಿ ಹೆದರ್ಕೊಂಡು ಹೋಯ್ತು."

ಅವರು ಕನ್ನಡಕ ಒರೆಸಿಕೊಂಡರೆ ಓಡಿದೆ. ಟೇಪು ಕೆಳಗೆ ಬಿದ್ದರೆ ಓಡಿದೆ. ನೀರು ಕುಡಿಯಲು ನಿಂತವರನ್ನು ಅಲ್ಲಾಡಿಸಿ ಅರ್ಧ ಲೋಟ ಅವರ ಅಂಗಿಯ ಮೇಲೆ ಚೆಲ್ಲಿಸಿದೆ. ಮನುಷ್ಯ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಆದರೆ ಕೆಲವು ದಿನ ಕಳೆದ ಮೇಲೆ ಒಂದು ಹೊಸ ಅಭ್ಯಾಸ ಶುರುಮಾಡಿದರು. ಕತ್ತರಿ ನಿಲ್ಲಿಸಿದಾಗಲೆಲ್ಲ ಗುನುಗುವುದು. ರಾಗವಿಲ್ಲ, ತಾಳವಿಲ್ಲ, ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ. ಆದರೆ ಗುನುಗುವ ಮನುಷ್ಯ ಬದುಕಿದ್ದಾನೆ ಎಂದರ್ಥ ತಾನೆ? ನಾನು ಕೂತಲ್ಲೇ ಕೂತು ಹೊಲಿಯತೊಡಗಿದೆ. ಇದನ್ನೂ ನಿನಗೆ ಹೇಳಿರಲಿಲ್ಲ.

ಕೋಟಿನ ಬಟ್ಟೆ ಬರುವ ತನಕ ಹಳೆಯ ಗಿರಾಕಿಗಳ ಕೆಲಸ ಹಿಡಿದೆವು. ಅವರು ಕತ್ತರಿಸಿದರು, ನಾನು ಹೊಲಿದೆ. ಆಗ ಊರು ದಪ್ಪವಾಯಿತು.

ನಗಬೇಡ. ಮೊದಲು ಲೈಬ್ರರಿ ಮೇಡಂ ಬಂದರು, ಹೊಸ ಅಂಗಿಯ ಗುಂಡಿ ಸೇರುತ್ತಿಲ್ಲ. "ನಂದೇ ತಪ್ಪು ಬಿಡಿ, ದಿನವಿಡೀ ಕೂತೇ ಇರ್ತೀನಿ" ಎಂದು ತಾವೇ ಸಮಾಧಾನ ಹೇಳಿಕೊಂಡು ಹೋದರು. ಹಲ್ಲಿನ ಡಾಕ್ಟರು ಹೊಸ ಪ್ಯಾಂಟಿನಲ್ಲಿ ಕೂರಲಾಗದೆ ಅವತ್ತು ನಿಂತೇ ಹಲ್ಲು ಕಿತ್ತರಂತೆ. ಮಾರನೆಯ ದಿನದಿಂದ ನದಿಯ ದಡದಲ್ಲಿ ಓಟ. ಅವರ ಹಿಂದೆ ಲೈಬ್ರರಿ ಮೇಡಂ, ಅವರ ಹಿಂದೆ ನಮ್ಮ ಅರ್ಧ ಗಿರಾಕಿಗಳು. ಕೊನೆಗೆ ಬೇಕರಿಯಮ್ಮ ನುಗ್ಗಿ ಬಂದಳು: "ನನ್ ವ್ಯಾಪಾರಕ್ಕೆ ಮಣ್ಣು ಹಾಕಿದ್ದೀಯಲ್ಲೇ! ಒಬ್ರಾದ್ರೂ ಬನ್ನು ಮುಟ್ತಿದ್ದಾರಾ? ನೀನೇನು ಬಟ್ಟೆ ಹೊಲೀತಿದ್ದೀಯೋ, ಪಥ್ಯ ಬರ್ಕೊಡ್ತಿದ್ದೀಯೋ?" ಕೂಗಿದ ರಭಸಕ್ಕೆ ಅವಳ ಲಂಗದ ಕೊಕ್ಕೆಯೇ ಸಿಡಿದು ಮಾಸ್ಟರ ಹಲಗೆಯ ಮೇಲೆ ಬಿತ್ತು. ಮಾಸ್ಟರ್ ಅದನ್ನು ಎತ್ತಿ ಅವಳ ಕೈಗಿಟ್ಟು ಮತ್ತೆ ಗುನುಗಿದರು.

ನನಗೆ ಸ್ವಲ್ಪವೂ ಅನುಮಾನ ಬರಲಿಲ್ಲ ನೋಡು. ದುಃಖಕ್ಕೆ ಜನ ಹೆಚ್ಚು ತಿನ್ನುತ್ತಾರೆ, ಅಕ್ಕ ಹೋದದ್ದಕ್ಕೆ ಊರೇ ಹಾಗೆ ತಿನ್ನುತ್ತಿದೆ ಎಂದು ಒಳಗೊಳಗೇ ಸಂತೋಷವೂ ಆಯಿತು. ಬಾಗಿಲಿಗೆ ಒಂದು ಸಾಲು ಬರೆದು ಅಂಟಿಸಿದೆ: "ತಿಂದದ್ದು ಹೊಟ್ಟೆಗೆ, ಉಳಿದದ್ದು ಸೊಂಟಕ್ಕೆ, ಬಟ್ಟೆಯ ಮೇಲೆ ಮುನಿಸು ಯಾತಕ್ಕೆ?"

ಆಮೇಲೆ ಮೊದಲ ಕೆಂಪು ಕೋಟು ತಯಾರಾಯಿತು. ತೊಟ್ಟು ನೋಡಲು ಬಂದವನು ಬಣ್ಣದಣ್ಣ. ಮನೆಗಳಿಗೆ ಬಣ್ಣ ಬಳಿಯುವವನು, ಬ್ಯಾಂಡಿನಲ್ಲಿ ಎಲ್ಲರಿಗಿಂತ ದೊಡ್ಡ ಕಹಳೆ ಅವನದು, ಹೆಗಲಿಗೆ ಹೆಬ್ಬಾವು ಸುತ್ತಿಕೊಂಡ ಹಾಗೆ. ಅಂಗಡಿಯ ಮುಂದೆ ಬ್ಯಾಂಡಿನವರೆಲ್ಲ ಸುತ್ತ ನಿಂತಿದ್ದರು. ಕೋಟು ತೊಟ್ಟ, ಕಹಳೆ ಎತ್ತಿದ, ಎದೆ ತುಂಬ ಉಸಿರೆಳೆದ. ಸ್ವರ ಕಹಳೆಯಿಂದ ಬರುವ ಮೊದಲೇ ಬೆನ್ನಿನಿಂದ ಬಂತು. ಕತ್ತಿನಿಂದ ಸೊಂಟದವರೆಗೆ, ಪರ್ರ್ ಎಂದು.

"ಇದ್ಯಾವ ರಾಗನೋ?" ಎಂದ ತಾಳ ಬಾರಿಸುವ ಬೀಗದಣ್ಣ, ಅದೇ, ಬೀಗ ರಿಪೇರಿಯವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಡ್ರಿಲ್ ಟೀಚರಮ್ಮ ನಗಲಿಲ್ಲ. "ಸೇತುವೆ ಮೇಲೆ ಹೀಗಾದ್ರೆ ನಾವೆಲ್ಲ ನದಿಗೇ ಹಾರ್ಬೇಕು. ಈ ವಾರದೊಳಗೆ ಒಂದು ಕೋಟು ಸರಿಯಾಗಿ ತೋರಿಸು. ಇಲ್ದಿದ್ರೆ ರೆಡಿಮೇಡ್ ತರಿಸ್ತೀನಿ. ಬೇಜಾರು ಮಾಡ್ಕೋಬೇಡ" ಅಂದರು. ಬೇಜಾರಾಗಲಿಲ್ಲ ಪುಟ್ಟಿ. ನಿನ್ನ ಮಾತು ನೆನಪಾಯಿತು. ಸರಿ, ಈ ಕೋಟೂ ಆಗದಿದ್ದರೆ ಬಾಗಿಲೆಳೆದು ಬೀಗ ಹಾಕುವುದು, ಬೋರ್ಡು ಇಳಿಸುವುದು ಎಂದು ಅಲ್ಲೇ ನಿಂತು ತೀರ್ಮಾನಿಸಿದೆ.

ಒಳಗೆ ಬಂದು ಕೋಪವನ್ನೆಲ್ಲ ಮಾಸ್ಟರ ಮೇಲೆ ಸುರಿದೆ. "ನಿಮ್ಮ ಕತ್ತರಿಗೆ ಕಳ್ಳತನದ ಚಟ ಇದೆ ಮಾಸ್ಟ್ರೇ."

"ಕತ್ತರಿ ಸುದ್ದಿಗೆ ಬರ್ಬೇಡಿ ಅಮ್ಮಾ. ನನ್ನ ಮದುವೇಲಿ ತಪ್ಪಾಗಿದೆ, ಮನೆ ಕಟ್ಟೋದ್ರಲ್ಲಿ ತಪ್ಪಾಗಿದೆ, ಕತ್ತರಿಸೋದ್ರಲ್ಲಿ ಆಗಿಲ್ಲ."

ಹರಿದ ಕೋಟನ್ನು ಹಲಗೆಯ ಮೇಲೆ ಹರಡಿ ಒಳಮಗ್ಗುಲು ತಿರುಗಿಸಿದರು. ಅವರ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. "ನಾನು ಹೊಲೀರಿ ಅಂತ ಹಾಕಿದ ಗೆರೆ ಇದು. ನೀವು ಹೊಲಿದಿರೋದು ಎಲ್ಲಿ?" ನನ್ನ ಹೊಲಿಗೆ ಗೆರೆಯ ಒಳಗಿತ್ತು. ಒಂದು ಅಕ್ಕಿಕಾಳಿನಷ್ಟು. ಇನ್ನೊಂದು ಕಡೆ ತಿರುಗಿಸಿದರು, ಅಲ್ಲೂ ಒಳಗೆ. ತೋಳಿನಲ್ಲಿ ಒಳಗೆ, ಹೆಗಲಿನಲ್ಲಿ ಒಳಗೆ. "ಕೋಟಿಗೆ ಎಷ್ಟು ಜೋಡಣೆ ಇರುತ್ತೆ ನೋಡಿ. ಒಂದೊಂದ್ರಲ್ಲೂ ಒಂದೊಂದು ಕಾಳು ತಿಂದ್ರೆ? ಹನಿ ಹನಿ ಕೂಡಿ ಹಳ್ಳ ಅಮ್ಮಾ."

"ತೆನೆ ತೆನೆ ಕೂಡಿ ಬಳ್ಳ" ಎಂದು ಬಾಯಿ ತನ್ನಷ್ಟಕ್ಕೆ ಪ್ರಾಸ ಮುಗಿಸಿತು. ಮುಗಿಸಿದ ಮೇಲೆ ತಲೆಗೆ ಹೋಯಿತು. ಊರು ದಪ್ಪವಾಗಿರಲಿಲ್ಲ. ಬಟ್ಟೆ ತಿನ್ನುತ್ತಿದ್ದವಳು ನಾನು.

"ಇಷ್ಟು ವರ್ಷ ಹೇಗೆ ನಡೀತಮ್ಮಾ ಇದು?" ಎಂದರು ಮಾಸ್ಟರ್. ಚುಚ್ಚಿ ಕೇಳಿದ್ದಲ್ಲ, ನಿಜವಾಗಿಯೂ ಅವರಿಗೆ ತಿಳಿಯಲಿಲ್ಲ.

ಲೈಬ್ರರಿ ಮೇಡಂನ ಹಳೆಯ ಕೋಟೊಂದು ಒಳಬಟ್ಟೆ ಬದಲಿಸಲು ಬಂದಿತ್ತು. ಅಕ್ಕ ಕತ್ತರಿಸಿ ನಾನು ಹೊಲಿದದ್ದು. ಬಿಚ್ಚಿ ನೋಡಿದೆ. ಅಂಚಿನಲ್ಲಿ ಎಲ್ಲರೂ ಬಿಡುವಷ್ಟು ಮಾರ್ಜಿನ್ ಇತ್ತು, ಅದರಾಚೆಗೆ ಇನ್ನೂ ಸ್ವಲ್ಪ. ನೇರ ಜೋಡಣೆಯಲ್ಲಿ ಒಂದು ಕಾಳು. ತೋಳು ತಿರುಗುವಲ್ಲಿ, ಎಲ್ಲಿ ನಾನು ಅವಸರಕ್ಕೆ ಜಾಸ್ತಿ ನುಂಗುತ್ತೇನೋ ಅಲ್ಲಿ, ಎರಡು ಕಾಳು. ನನ್ನ ಕೈ ಎಲ್ಲೆಲ್ಲಿ ಒಳಗೆ ಜರುಗುತ್ತದೋ ಅಲ್ಲಲ್ಲಿ ಸರಿಯಾಗಿ ಅಷ್ಟಷ್ಟೇ ಜಾಗ.

ನಿನಗೆ ಗೊತ್ತಲ್ಲ ಅವಳ ಬಾಯಿ. ನೆಲದ ಮೇಲೆ ಒಂದು ದಾರದ ಎಳೆ ಬಿದ್ದರೆ ಸಂಜೆಯವರೆಗೆ ಮಂತ್ರ. ಲೋಟ ತೊಳೆಯದಿದ್ದರೆ ಸಹಸ್ರನಾಮ. ಇಷ್ಟು ದೊಡ್ಡ ತಪ್ಪು ಕಂಡೂ ಬಾಯಿ ಬಿಡಲಿಲ್ಲವಲ್ಲ, ಯಾಕೆ ಎಂದು ತುಂಬ ಯೋಚಿಸಿದೆ. ಹೇಳಿದ್ದರೆ ನಾನು ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದೆ, ಅದು ಖಂಡಿತ. ನನ್ನನ್ನು ತಿದ್ದುವುದಕ್ಕಿಂತ ಬಟ್ಟೆಯನ್ನು ಹಿಗ್ಗಿಸುವುದೇ ಸುಲಭ ಎಂದು ಅವಳಿಗೆ ಅನಿಸಿರಬೇಕು.

ಮೊದಲು ನಗು ಬಂತು. ನಗುತ್ತಲೇ ಇದ್ದೆ, ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಮಣ್ಣು ಮಾಡಿ ಬಂದ ದಿನವೂ ನಾನು ಅತ್ತಿರಲಿಲ್ಲ, ನೀನೇ ನೋಡಿದ್ದೀಯ. ಬಂದವರಿಗೆಲ್ಲ ನೀರು ಕೊಡುತ್ತ ಓಡಾಡಿದೆ. ಅದೆಲ್ಲ ಬಾಕಿ ಉಳಿದಿತ್ತೋ ಏನೋ, ಲೈಬ್ರರಿ ಮೇಡಂನ ಕೋಟು ಹಿಂಡುವಷ್ಟು ಒದ್ದೆಯಾಯಿತು. ಮಾಸ್ಟರ್ "ಚಹಾ ತರ್ತೀನಿ" ಎಂದು ಹೊರಗೆ ಹೋದವರು ತುಂಬ ಹೊತ್ತಿನ ಮೇಲೆ ಬಂದರು. ಕೈಯಲ್ಲಿ ಚಹಾ ಇರಲಿಲ್ಲ.

ಆಮೇಲೆ ಕೋಟಿನ ವಿಚಾರ. ಗೆರೆಯ ಮೇಲೇ ಹೊಲಿಯುತ್ತೇನೆ ಎಂದು ಹಟ ಹಿಡಿದು ಕೂತೆ. ನಲವತ್ತು ದಾಟಿದ ಕೈ ಮಾತು ಕೇಳುತ್ತದೆಯೇ? ಹೊಲಿಗೆ ಹಾವಿನ ಹಾಗೆ ಹರಿಯಿತು. ಹಾಗಾದರೆ ತಾವೇ ಅಗಲವಾಗಿ ಕತ್ತರಿಸುವುದಾಗಿ ಹೇಳಿದರು ಮಾಸ್ಟರ್. ಎಲ್ಲ ಕಡೆ ಒಂದೇ ಸಮ ಹೆಚ್ಚು ಬಿಟ್ಟರು. ಬೆನ್ನು ಸರಿಹೋಯಿತು, ಹೆಗಲು ಜೋತುಬಿತ್ತು. ಹೆಗಲು ಹಿಡಿದರೆ ಕಂಕುಳು ಕಚ್ಚಿತು. ವಾರ ಅರ್ಧ ಕಳೆಯಿತು. ಕೊನೆಗೆ ಅವರು ಕತ್ತರಿ ಕೆಳಗಿಟ್ಟು, ಈ ಸಲ ಗುನುಗದೆ, ಹೇಳಿದರು: "ನಿಮ್ಮಕ್ಕ ಬಟ್ಟೆ ನೋಡಿ ಕತ್ತರಿಸ್ತಿರ್ಲಿಲ್ಲ ಅಮ್ಮಾ, ನಿಮ್ಮ ಕೈ ನೋಡಿ ಕತ್ತರಿಸ್ತಿದ್ರು. ಆ ಕೈಯ ಗುಟ್ಟು ನಂಗೆ ಈ ಜನ್ಮದಲ್ಲಿ ಸಿಗಲ್ಲ. ಗೊತ್ತಿರೋದು ಈಗ ನಿಮ್ಗೊಬ್ರಿಗೇ. ನೀವೇ ಕತ್ತರಿಸ್ಬೇಕು."

"ನನ್ನ ಕೈಲಾಗಲ್ಲ" ಅಂದೆ.

"ಯಾಕೆ?"

ಮೇಜಿನ ಕಡೆ ಬೆರಳು ತೋರಿಸಿದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಕಡೆ ನೋಡಿದ್ದು. ಮಾಸ್ಟರೂ ನೋಡಿದರು. ಸಮಾಧಾನದ ಮಾತೇನೋ ಹೇಳುತ್ತಾರೆ ಎಂದುಕೊಂಡೆ. "ಆ ಹೊದಿಕೆ ಒಗೆಯೋಕೆ ಹಾಕಿ. ಕೆಂಪು ಬಟ್ಟೆಗೆ ಧೂಳು ಹತ್ತುತ್ತೆ" ಅಂದವರೇ ಮತ್ತೆ ಚಹಾಕ್ಕೆಂದು ಹೊರಟರು.

ತೆಗೆದೆ ಪುಟ್ಟಿ. ಹೆದರಿಕೆಯಿಂದಲೇ ತೆಗೆದೆ. ಲಂಗದ ಬಟ್ಟೆ ಹಾಗೇ ಇತ್ತು. ಕತ್ತರಿಯ ಹಿಂದೆ ಎರಡಾದ ಬಟ್ಟೆ, ಮುಂದೆ ಇನ್ನೂ ಒಂದೇ ಆಗಿರುವ ಬಟ್ಟೆ. ಕತ್ತರಿಯ ಹಿಡಿಗೆ ಬೆರಳು ತೂರಿಸಿದೆ. ಅವಳ ಬೆರಳಿಗೆ ಸವೆದ ಜಾಗ ನನಗೆ ದೊಡ್ಡದಾಯಿತು, ಚಿಂದಿ ಸುತ್ತಿಕೊಂಡೆ. ಅವಳು ನಿಲ್ಲಿಸಿದ ಕಡೆಯಿಂದ ಕರ್ ಎಂದು ಒಂದು ಸಲ ಒತ್ತಿದೆ. ಏನಾದರೂ ಆಗುತ್ತದೆ ಎಂದು ಕಾದೆ. ಬಟ್ಟೆ ಇನ್ನೊಂದಿಷ್ಟು ಎರಡಾಯಿತು, ಅಷ್ಟೇ. ಮತ್ತೆ ಒತ್ತಿದೆ. ಗೆರೆಯ ನಡುವೆ ಎಲ್ಲೋ ಕೈ ನಿಂತಿತು, ಜೊತೆಗೆ ಸದ್ದೂ ನಿಂತಿತು. ಆಗ ಎಣ್ಣೆ ಕಾಣದ ಬಾಗಿಲಿನಂಥ ಗುನುಗು ಕೇಳಿಸಿತು. ಮಾಸ್ಟರ್ ಬಂದರು ಎಂದು ತಿರುಗಿದೆ. ಯಾರೂ ಇರಲಿಲ್ಲ. ಗುನುಗುತ್ತಿದ್ದವಳು ನಾನು.

ಲಂಗ ಔಷಧದಂಗಡಿಯ ಅಮ್ಮನದು. ಅಷ್ಟು ತಿಂಗಳೂ ಆಕೆ ಒಂದು ಸಲ ಕೇಳಿರಲಿಲ್ಲ. ಹೊಲಿದು ಕೊಟ್ಟಾಗ "ಅಯ್ಯೋ, ಕೊಟ್ಟಿದ್ದೇ ಮರ್ತಿದ್ದೆ ನೋಡಿ" ಎಂದು ಸುಳ್ಳು ಹೇಳಿದರು. ಅಳತೆ ಸರಿಯಾಗಿತ್ತು. ಒಂದು ಲಂಗದಲ್ಲಿ ಅರ್ಧ ಅವಳ ಕತ್ತರಿ, ಅರ್ಧ ನನ್ನದು, ಎಲ್ಲಿ ಬದಲಾಯಿತು ಎಂದು ಮಾಸ್ಟರಿಗೂ ಕಂಡುಹಿಡಿಯಲಾಗಲಿಲ್ಲ. ಈ ಮಾತನ್ನು ಇದುವರೆಗೆ ಆರು ಜನರಿಗೆ ಹೇಳಿದ್ದೇನೆ, ನೀನು ಏಳನೆಯವಳು. ಕೊಚ್ಚಿಕೊಳ್ಳುವುದಕ್ಕೆ ಸಿಕ್ಕಿದ್ದನ್ನು ನಾನು ಬಿಡುವವಳಲ್ಲ.

ಬ್ಯಾಂಡಿನವರನ್ನೆಲ್ಲ ಮತ್ತೆ ಕರೆಸಿ ಹೊಸದಾಗಿ ಅಳತೆ ತೆಗೆದುಕೊಂಡೆ. ಈ ಸಲ ಸುಮ್ಮನೆ ನಿಲ್ಲಿಸಿ ಅಲ್ಲ. ಪ್ರತಿಯೊಬ್ಬರೂ ತಮ್ಮ ವಾದ್ಯ ತರಬೇಕು, ಅತಿ ಉದ್ದದ ಸ್ವರಕ್ಕೆ ಎಷ್ಟು ಉಸಿರು ಬೇಕೋ ಅಷ್ಟು ಎಳೆದು ಹಿಡಿಯಬೇಕು, ಆಗ ಎದೆಗೆ ಟೇಪು. ಹಿಡಿದ ಉಸಿರನ್ನು ಎಲ್ಲೋ ಬಿಡಲೇಬೇಕಲ್ಲ, ನನ್ನ ಕಿವಿಯ ಪಕ್ಕದಲ್ಲೇ ಊದಿದರು. ಎರಡು ದಿನ ಬೀದಿಗೆ ಬೀದಿಯೇ ಕಿವಿ ಮುಚ್ಚಿಕೊಂಡಿತು. ಬೇಕರಿಯಮ್ಮ ಮತ್ತೆ ಬಂದು, "ಹಿಟ್ಟು ಉಬ್ತಾ ಇಲ್ಲ ಕಣೇ ಈ ಗಲಾಟೆಗೆ" ಅಂದಳು. ಅವಳ ಲಂಗವನ್ನೂ ಸಡಿಲ ಮಾಡಿಕೊಟ್ಟ ಮೇಲೆ ಹಿಟ್ಟು ಉಬ್ಬಿತು.

ದೇಹದ ಅಳತೆಗೆ ಒಂದು ಗೆರೆ. ಉಸಿರಿಗೆ ಇನ್ನೊಂದು. ನನ್ನ ತಿನ್ನುಬಾಕ ಕೈಗೆ ಮೂರನೆಯದು. ಹೀಗೆ ಗೆರೆ ಎಳೆದು ಕತ್ತರಿಸಿದೆ, ಹೊಲಿದೆ. ಮಾಸ್ಟರ್ ಕಾಜಾ ಹಾಕಿದರು, ಗುಂಡಿ ಕೂರಿಸಿದರು, ನನ್ನ ಮೊದಲ ಹೆಗಲಿನ ತಿರುವು ನೋಡಿ "ನಾಯಿ ಕಚ್ಚಿದ ಹಾಗಿದೆ" ಅಂದರು, ಕೊನೆಯದನ್ನು ನೋಡಿ ಏನೂ ಅನ್ನಲಿಲ್ಲ. ಅವರಿಂದ ಏನೂ ಅನ್ನಿಸಿಕೊಳ್ಳದಿರುವುದು ಬಿರುದಿಗೆ ಸಮ. ವಾರ ಮುಗಿಯುವ ದಿನವೇ ಬಂದಿದ್ದ ಡ್ರಿಲ್ ಟೀಚರಮ್ಮ ಮೊದಲು ಮುಗಿದ ಕೋಟನ್ನು ಎರಡು ಕೈಯಲ್ಲಿ ಹಿಡಿದು ಎಳೆದು, ಜಗ್ಗಿ, ಹೊಲಿಗೆ ಬಾಯಿ ಬಿಡದ್ದನ್ನು ನೋಡಿ, "ರೆಡಿಮೇಡ್‌ನವ್ರಿಗೆ ಬೇಡ ಅಂತ ಹೇಳ್ತೀನಿ" ಎಂದಷ್ಟೇ ಅಂದರು.

ನಿನ್ನೆ ಬೆಳಿಗ್ಗೆ ಸೇತುವೆಯ ಈ ತುದಿಯಲ್ಲಿ ಎಲ್ಲ ಸಾಲಾಗಿ ನಿಂತಿದ್ದರು. ಎರಡೂ ದಡದಲ್ಲಿ ಜನ. ಸೀಟಿ ಊದಬೇಕು, ಅಷ್ಟರಲ್ಲಿ ಯಾರೋ ಕೂಗಿಕೊಂಡು ಬಂದರು: "ಬೀಗದಣ್ಣಾ, ಓಡೋ! ನಿನ್ ಹೆಂಡ್ತಿಗೆ ನೋವು ಬಂದಿದೆ!" ಅವನು ತಾಳ ಕೆಳಗಿಟ್ಟ, ಹೊಸ ಕೋಟಿಗೆ ಬೆವರು ಹತ್ತದಿರಲಿ ಎಂದು ಅದನ್ನೂ ಬಿಚ್ಚಿ ಯಾರದೋ ಕೈಗೆ ತುರುಕಿ, ಬನಿಯನ್ನಿನಲ್ಲೇ ಆಸ್ಪತ್ರೆಗೆ ಓಡಿದ. ಹೆಣ್ಣುಮಗು, ಇಬ್ಬರೂ ಆರಾಮ. ಡ್ರಿಲ್ ಟೀಚರಮ್ಮನ ಮುಖ ಮಾತ್ರ ನೋಡುವ ಹಾಗಿರಲಿಲ್ಲ, ತಾಳವಿಲ್ಲದೆ ಹೆಜ್ಜೆ ಹಾಕುವುದು ಹೇಗೆ? ಹೇಗೋ ಆಯಿತು ಬಿಡು, ಆ ಗದ್ದಲ ಬರೆಯಲು ಜಾಗವಿಲ್ಲ.

ಸೀಟಿ ಊದಿದರು. ಸಾಲು ಹೊರಟಿತು. ಬಣ್ಣದಣ್ಣನ ಬೆನ್ನು ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆಯೇ ಇತ್ತು. ಆ ಬೆನ್ನಿನ ನಡುವಿನ ಜೋಡಣೆಯನ್ನು ನೋಡಿದ ಹಾಗೆ ನಾನು ಜೀವನದಲ್ಲಿ ಏನನ್ನೂ ನೋಡಿಲ್ಲ. ಪ್ರತಿ ಸಲ ಅವನು ಉಸಿರೆಳೆದಾಗ ಕೆಂಪು ಬಟ್ಟೆ ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಸೇತುವೆಯ ನಡುಮಧ್ಯಕ್ಕೆ ಬಂದಾಗ ದೊಡ್ಡ ಸ್ವರ ಬರಬೇಕಿತ್ತು. ಎಲ್ಲರೂ ಒಟ್ಟಿಗೆ ಉಸಿರೆಳೆದರು. ಎದೆ ಹಿಗ್ಗಿತು, ಬೆನ್ನು ಹಿಗ್ಗಿತು, ಹೆಗಲು ಮೇಲೆದ್ದಿತು, ಅಷ್ಟೂ ಕೋಟುಗಳು ಉಬ್ಬಿ ನಿಂತವು. ಒಂದೇ ಒಂದು ಹೊಲಿಗೆ ಬಿಡಲಿಲ್ಲ, ಒಂದೇ ಒಂದು ಗುಂಡಿ ಹಾರಲಿಲ್ಲ. ಆಮೇಲೆ ಸ್ವರ ಹೊರಟಿತು ನೋಡು! ನೀರಿನ ಮೇಲೆ ಹೋಗಿ, ಆ ದಡಕ್ಕೆ ಬಡಿದು, ಮತ್ತೆ ನಮ್ಮ ಮೇಲೇ ಬಂತು. ಹಲ್ಲಿನ ಡಾಕ್ಟರು ಕುಣಿದರು. ಬೇಕರಿಯಮ್ಮ ಬುಟ್ಟಿಯಲ್ಲಿದ್ದ ಬನ್ನುಗಳನ್ನು ಜನರಿಗೆ ಎಸೆದಳು. ಕಂಬಿಗೆ ಒರಗಿ ನಿಂತಿದ್ದ ಮಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು, ಈ ಸಲ ನಾನು ಓಡಲಿಲ್ಲ.

ಅದಕ್ಕೇ ಮುಚ್ಚುವುದಿಲ್ಲ ಅಂದೆ. ಕೊಟ್ಟ ಮಾತು ಮುರಿದದ್ದಕ್ಕೆ ಬಂದು ಬೈಯುವ ಹಕ್ಕು ನಿನಗಿದೆ, ಬಂದೇ ಬೈಯಬೇಕು. ಮೇಜು ನೋಡಲಾಗುವುದಿಲ್ಲ ಎಂದಿದ್ದೆಯಲ್ಲ, ಅದರ ಚಿಂತೆ ಬಿಡು. ಈಗ ಅದರ ಮೇಲೆ ಬಟ್ಟೆಯ ರಾಶಿ, ಮೇಜು ಹುಡುಕಿದರೂ ಕಾಣುವುದಿಲ್ಲ. ಅವಸರವಿಲ್ಲ. ಉಂಡೆಯಾ, ನಿದ್ದೆ ಬಂತಾ, ಅತ್ತೆಯಾ ಎಂಬ ಮೂರಕ್ಕೂ ಉತ್ತರ ಬರಿ. "ಚೆನ್ನಾಗಿದ್ದೀನಿ" ಎಂದು ಬರೆದರೆ ಕಾಗದ ವಾಪಸು ಕಳಿಸುತ್ತೇನೆ.

ಅಳತೆಯೂ ತನ್ನದೇ, ಹೊಲಿಗೆಯೂ ತನ್ನದೇ,
ತಡವಾದರೆ ಮಾತ್ರ ತಪ್ಪು ಮಾಸ್ಟರದೇ ಆದ
ನಿನ್ನ ಚಿಕ್ಕಮ್ಮ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಬೀಗದಣ್ಣ ಬಿಚ್ಚಿದ ಕೋಟನ್ನು ತುರುಕಿದ್ದು ನನ್ನ ಕೈಗೆ. ಡ್ರಿಲ್ ಟೀಚರಮ್ಮ ನನ್ನನ್ನೊಮ್ಮೆ, ತಾಳವನ್ನೊಮ್ಮೆ ನೋಡಿ, "ಪ್ರಾಸ ಹೊಂದಿಸೋಳಿಗೆ ತಾಳ ಹೊಂದಿಸೋಕೆ ಬರಲ್ವಾ? ಹಾಕ್ಕೋ" ಅಂದರು. ಹಾಕಿಕೊಂಡೆ. ಸೇತುವೆಯನ್ನು ಈ ತುದಿಯಿಂದ ಆ ತುದಿಗೆ ಬಣ್ಣದಣ್ಣನ ಬೆನ್ನ ಹಿಂದೆ ತಾಳ ಬಾರಿಸುತ್ತ ದಾಟಿದವಳು ನಿನ್ನ ಚಿಕ್ಕಮ್ಮ. ಎರಡು ಸಲ ತಪ್ಪಿದೆ, ಯಾರಿಗೂ ಗೊತ್ತಾಗಲಿಲ್ಲ. ಬೀಗದಣ್ಣ ದಢೂತಿ, ಕೋಟು ನನಗೆ ತೀರ ದೊಡ್ಡದು. ಮಾಸ್ಟರ್ ಪಿನ್ನು ಹಿಡಿದು ಓಡಿಬಂದು "ಹಿಂದೆ ಹಿಡಿದು ಬಿಗಿ ಮಾಡ್ತೀನಿ ಅಮ್ಮಾ" ಅಂದರು. ಬೇಡ ಅಂದೆ. ಒಳಗೆ ಇಬ್ಬರು ಆರಾಮಾಗಿ ಹಿಡಿಸುವಷ್ಟು ಜಾಗವಿತ್ತು ಪುಟ್ಟಿ, ಇಬ್ಬರೂ ಹೋಗಿಬಂದೆವು.